ಕಣ್ಣಿನಿಂದ ಕೇಳುವ ಟೆಲಿಫೋನು

ಟೆಲಿಫೋನು ದೂರವನ್ನು ಗೆದ್ದ ಯಂತ್ರವೆಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಮಾತು ನಿಜ; ಆದರೆ ಪೂರ್ಣ ನಿಜವಲ್ಲ. ಅದು ಗೆದ್ದುಕೊಟ್ಟದ್ದು ಕಿವಿ ಕೇಳುವವರ ದೂರವನ್ನು. ಅದಕ್ಕೆ ಮೊದಲು ದೂರದವರೊಡನೆ ವ್ಯವಹರಿಸಬೇಕಾದರೆ ಎಲ್ಲರೂ ಕಾಗದ ಬರೆಯಬೇಕಾಗಿದ್ದಿತು. ಈ ವಿಷಯದಲ್ಲಿ ಕಿವುಡರಿಗೂ ಇತರರಿಗೂ ಹೆಚ್ಚಿನ ಭೇದವಿರಲಿಲ್ಲ. ಟೆಲಿಫೋನು ಬಂದಮೇಲೆ ವೈದ್ಯರನ್ನು ಕರೆಯುವುದು, ಕೆಲಸ ಕೇಳುವುದು, ವ್ಯಾಪಾರ ಕುದುರಿಸುವುದು ಎಲ್ಲವೂ ತಂತಿಯ ಮೇಲೆ ನಡೆಯತೊಡಗಿದುವು. ಕಿವಿ ಕೇಳದವರು ನೆರೆಮನೆಯವರನ್ನೋ ತಮ್ಮ ಮಕ್ಕಳನ್ನೋ ಕೇಳಿಕೊಂಡು ಮಾತನಾಡಿಸಬೇಕಾಯಿತು. ತಾಯಿಯ ಕಾಯಿಲೆಯನ್ನು ಹತ್ತು ವರ್ಷದ ಮಗನು ವೈದ್ಯರಿಗೆ ವಿವರಿಸಬೇಕಾದರೆ ಅಲ್ಲಿ ಗುಟ್ಟೆಂಬುದು ಉಳಿಯುವುದೆಂತು?

ಈ ಕಥೆಯಲ್ಲಿ ವಿಧಿಯ ಅಣಕವೊಂದುಂಟು. 1876ರ ಮಾರ್ಚ್ 7ರಂದು ಟೆಲಿಫೋನಿನ ಪೇಟೆಂಟನ್ನು ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡರ ಉಪಾಧ್ಯಾಯನಾಗಿದ್ದವನು. ಆತನ ತಾಯಿಗೆ ಕಿವಿ ಮಂದವಾಗಿದ್ದಿತು; ಹೆಂಡತಿ ಮೇಬೆಲ್ ಬಾಲ್ಯದಲ್ಲಿಯೇ ಜ್ವರ ಬಂದು ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದಳು. ಗಂಡನ ಹೆಸರನ್ನು ಜಗತ್ತಿನಲ್ಲೆಲ್ಲ ಹರಡಿದ ಯಂತ್ರವನ್ನು ಹೆಂಡತಿ ಬಳಸುವಂತಿರಲಿಲ್ಲ. ಸುಮಾರು ತೊಂಬತ್ತು ವರ್ಷಗಳ ಕಾಲ ಈ ಸ್ಥಿತಿ ಹೀಗೆಯೇ ಮುಂದುವರಿಯಿತು.

ಗುಜರಿಯಿಂದ ಎದ್ದ ಯಂತ್ರ

ಗೋಡೆಗೆ ಮೊದಲ ಕಿಂಡಿ ಕೊರೆದವರು ಕಿವುಡರೇ ಎಂಬುದು ಗಮನಿಸತಕ್ಕ ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಭೌತವಿಜ್ಞಾನಿ ಇದ್ದನು. ಹವ್ಯಾಸಿ ರೇಡಿಯೊ ನಡೆಸುತ್ತಿದ್ದ ಆತನಿಗೆ ಟೆಲಿಪ್ರಿಂಟರಿನ ಪರಿಚಯ ಚೆನ್ನಾಗಿದ್ದಿತು. ಜೇಮ್ಸ್ ಮಾರ್ಸ್ಟರ್ಸ್ ಎಂಬ ದಂತವೈದ್ಯ, ಆಂಡ್ರೂ ಸ್ಯಾಕ್ಸ್ ಎಂಬ ಉದ್ಯಮಿ ಆತನ ಜೊತೆಗೂಡಿದರು. ಮೂವರೂ ಕಿವುಡರು. ಪತ್ರಿಕಾಲಯಗಳಲ್ಲಿ ಹಗಲಿರುಳು ಸುದ್ದಿ ಅಚ್ಚುಮಾಡುತ್ತಿದ್ದ ಟೆಲಿಪ್ರಿಂಟರನ್ನು ಮನೆಯ ಟೆಲಿಫೋನಿಗೆ ಸೇರಿಸಿದರೆ, ಒಂದೂರಿನಲ್ಲಿ ಒತ್ತಿದ ಅಕ್ಷರ ಇನ್ನೊಂದೂರಿನಲ್ಲಿ ಕಾಗದದ ಮೇಲೆ ಮೂಡಬಹುದಲ್ಲವೆ?

ಆದರೆ ಅಂದಿನ ಅಮೆರಿಕದಲ್ಲಿ ಹೊರಗಿನ ಯಾವ ಉಪಕರಣವನ್ನೂ ಟೆಲಿಫೋನಿನ ತಂತಿಗೆ ನೇರವಾಗಿ ಜೋಡಿಸಲು ಅನುಮತಿಯಿರಲಿಲ್ಲ. ವೈಟ್‌ಬ್ರೆಕ್ಟ್ ತಂತಿಯನ್ನು ಮುಟ್ಟಲೇ ಇಲ್ಲ. ಎರಡು ಗುಳಿಗಳುಳ್ಳ ಒಂದು ಪೆಟ್ಟಿಗೆಯನ್ನು ಮಾಡಿ, ಟೆಲಿಫೋನಿನ ಕೈಹಿಡಿಯನ್ನು ಅದರ ಮೇಲೆ ಮಲಗಿಸಿದನು. ಒಂದು ಗುಳಿಯಲ್ಲಿ ಪುಟ್ಟ ಧ್ವನಿವರ್ಧಕ, ಇನ್ನೊಂದರಲ್ಲಿ ಮೈಕು. ಟೆಲಿಪ್ರಿಂಟರು ಕೊಡುವ ಸಂಜ್ಞೆ ನಾದವಾಗಿ ಟೆಲಿಫೋನಿನ ಬಾಯಿಗೆ ಹೋಗುವುದು. ಟೆಲಿಫೋನಿನ ಕಿವಿಯಿಂದ ಹೊರಟ ನಾದವು ಮತ್ತೆ ಸಂಜ್ಞೆಯಾಗಿ ಅಕ್ಷರವನ್ನು ಅಚ್ಚುಮಾಡುವುದು. 1964ರಲ್ಲಿ ರೆಡ್‌ವುಡ್ ಸಿಟಿಯಲ್ಲಿದ್ದ ವೈಟ್‌ಬ್ರೆಕ್ಟ್ ಪ್ಯಾಸಡೀನದಲ್ಲಿದ್ದ ಮಾರ್ಸ್ಟರ್ಸನಿಗೆ ಹೀಗೆ ಕರೆ ಮಾಡಿದನು. ಮೊದಮೊದಲು ಅಕ್ಷರಗಳು ಕಲಸಿಹೋಗಿ, ಕೊನೆಗೆ ಓದುವಂತಹ ವಾಕ್ಯಗಳು ಮೂಡಿದುವು. ಬಳಕೆಯಿಂದ ತೆಗೆದುಹಾಕಿದ್ದ ಮಣಭಾರದ ಟೆಲಿಪ್ರಿಂಟರುಗಳನ್ನು ತಂದು, ರಿಪೇರಿಮಾಡಿ, ಕಿವುಡರು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಮುಂದೆ ಕೈಚೀಲದಲ್ಲಿ ಒಯ್ಯಬಹುದಾದ, ಸಣ್ಣ ಪರದೆಯ ಮೇಲೆ ಅಕ್ಷರಗಳನ್ನು ಓಡಿಸುವ ಯಂತ್ರಗಳು ಬಂದುವು. ಇದನ್ನೇ ನಾವು ಅಕ್ಷರ ಟೆಲಿಫೋನು ಎಂದು ಕರೆಯೋಣ.

ಎರಡು ಸ್ವರಗಳ ಲಿಪಿ

ಟೆಲಿಫೋನಿನ ತಂತಿಯಲ್ಲಿ ಎಲ್ಲ ನಾದಕ್ಕೂ ದಾರಿಯಿಲ್ಲ. ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳ ನಾದವನ್ನು ಮಾತ್ರ ಅದು ಸಾಗಿಸುವುದು. ಮನುಷ್ಯನ ಮಾತಿಗೆ ಅಷ್ಟೇ ಸಾಕು. ಅಮೆರಿಕದ ಅಕ್ಷರ ಟೆಲಿಫೋನು ಈ ದಾರಿಯ ನಡುವಿನಿಂದ ಎರಡು ಸ್ವರಗಳನ್ನು ಆರಿಸಿಕೊಂಡಿತು. ಒಂದು 1,400 ಕಂಪನಗಳದು, ಇನ್ನೊಂದು 1,800 ಕಂಪನಗಳದು. ಮೊದಲನೆಯದಕ್ಕೆ 'ಒಂದು' ಎಂದೂ ಎರಡನೆಯದಕ್ಕೆ 'ಸೊನ್ನೆ' ಎಂದೂ ಅರ್ಥ. ಒಂದೊಂದು ಸ್ವರವೂ ನುಡಿಯುವುದು ಸೆಕೆಂಡಿನ ಸಾವಿರದಲ್ಲಿ 22 ಭಾಗದಷ್ಟು ಹೊತ್ತು.

ಇಂತಹ ಐದು ಸ್ವರಗಳು ಸೇರಿದರೆ ಒಂದು ಅಕ್ಷರ. ಪ್ರತಿಯೊಂದು ಅಕ್ಷರದ ಮುಂದೆ 'ಇಗೋ ಹೊರಟೆ' ಎಂದು ಸಾರುವ ಒಂದು ಸೊನ್ನೆಯೂ, ಹಿಂದೆ 'ಮುಗಿಯಿತು' ಎಂದು ಸಾರುವ, ಸ್ವಲ್ಪ ಉದ್ದನೆಯ ಒಂದು 'ಒಂದೂ' ಇರುತ್ತವೆ. ಇಂಗ್ಲಿಷಿನ 'ಇ' ಅಕ್ಷರವನ್ನು ಒತ್ತಿದರೆ ತಂತಿಯಲ್ಲಿ ಹೊರಡುವುದು ಹೀಗೆ: ಆರಂಭದ ಸೊನ್ನೆ, ಆಮೇಲೆ ಒಂದು, ಅನಂತರ ನಾಲ್ಕು ಸೊನ್ನೆ, ಕಡೆಗೆ ಮುಗಿತಾಯದ ಒಂದು. ಎಲ್ಲ ಸೇರಿ ಸೆಕೆಂಡಿನ ಸುಮಾರು ಆರನೆಯ ಒಂದು ಭಾಗ. ಎಂದರೆ ಸೆಕೆಂಡಿಗೆ ಆರು ಅಕ್ಷರ, ನಿಮಿಷಕ್ಕೆ ಸುಮಾರು ಅರವತ್ತು ಪದ. ನಮ್ಮ ಕಿವಿಗೆ ಇದು ಜೀರುಂಡೆಯ ಚಿಲಿಪಿಲಿಯಂತೆ ಕೇಳುವುದು.

ಐದು ಸ್ಥಾನಗಳಲ್ಲಿ ಒಂದು ಮತ್ತು ಸೊನ್ನೆಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದು? ಎರಡನ್ನು ಐದು ಸಲ ಗುಣಿಸಿದರೆ 32. ಫ್ರಾನ್ಸಿನ ಎಮಿಲ್ ಬೋದೋ 1874ರಲ್ಲಿ ತಂತಿವಾರ್ತೆಗಾಗಿ ರೂಪಿಸಿದ ಸಂಕೇತದ ಸಂತಾನವಿದು. ಇಂಗ್ಲಿಷಿನ 26 ಅಕ್ಷರಗಳು, ಹತ್ತು ಅಂಕಿಗಳು, ಅಲ್ಪವಿರಾಮ ಮೊದಲಾದ ಚಿಹ್ನೆಗಳು ಈ 32ರಲ್ಲಿ ಹಿಡಿಸವು. ಆದುದರಿಂದ ಒಂದೇ ಸಂಕೇತಕ್ಕೆ ಎರಡು ಅರ್ಥಗಳನ್ನು ಕೊಟ್ಟರು. 'ಇನ್ನು ಮುಂದೆ ಅಂಕಿ' ಎಂಬ ಸಂಜ್ಞೆ ಬಂದಮೇಲೆ ಯಂತ್ರವು ಎಲ್ಲವನ್ನೂ ಅಂಕಿಗಳೆಂದು ಓದುವುದು. 'ಇನ್ನು ಮುಂದೆ ಅಕ್ಷರ' ಎಂದಮೇಲೆ ಅಕ್ಷರಗಳೆಂದು. ಈ ಸಂಜ್ಞೆ ದಾರಿಯಲ್ಲಿ ಕಳೆದುಹೋದರೆ ಅನರ್ಥವೇ ಸರಿ. ಇಂಗ್ಲಿಷಿನಲ್ಲಿ 'ಎರಡು' ಎಂದು ಹೇಳುವ ಮೂರಕ್ಷರದ ಪದವು ಆಗ 529 ಎಂದು ಮೂಡುವುದು!

ಇಬ್ಬರೂ ಒಟ್ಟಿಗೆ ಒತ್ತಿದರೆ ಸ್ವರಗಳು ಒಂದರ ಮೇಲೊಂದು ಬಿದ್ದು ಕೆಡುವುದರಿಂದ ಸರದಿಯನ್ನು ಪಾಲಿಸಬೇಕು. ತನ್ನ ಮಾತು ಮುಗಿದಾಗ 'ಜಿ ಎ' ಎಂದು ಒತ್ತುವುದು ರೂಢಿ. 'ನೀವು ಹೇಳಿ' ಎಂದು ಅದರ ಅರ್ಥ. ಸಂಭಾಷಣೆಯನ್ನೇ ಮುಗಿಸುವಾಗ 'ಎಸ್ ಕೆ'.

ಮಾತಿನ ಅಂಚೆಪೆಟ್ಟಿಗೆ

ಎರಡೂ ಕಡೆ ಯಂತ್ರವಿದ್ದು, ಎರಡೂ ಕಡೆ ಜನರಿದ್ದರೆ ಇಷ್ಟು ಸಾಕು. ಆದರೆ ಕರೆ ಮಾಡಿದಾಗ ಆ ಕಡೆ ಯಾರೂ ಇಲ್ಲದಿದ್ದರೆ? ಕಿವಿ ಕೇಳುವವರಿಗಾಗಿ ಇದಕ್ಕೊಂದು ಉಪಾಯ ಹೊರಟಿತು. ಗಾರ್ಡನ್ ಮ್ಯಾಥ್ಯೂಸ್ ಎಂಬ ಅಮೆರಿಕನ್ನನು ತನ್ನ ವಾಯ್ಸ್‌ಮೇಲ್ ಪದ್ಧತಿಗೆ 1983ರಲ್ಲಿ ಪೇಟೆಂಟು ಪಡೆದನು. ಕಛೇರಿಯ ಪ್ರತಿಯೊಬ್ಬರಿಗೂ ಕಂಪ್ಯೂಟರಿನಲ್ಲಿ ಒಂದು ಧ್ವನಿಯಂಚೆಯ ಪೆಟ್ಟಿಗೆ. ಕರೆದವರು ಅದರಲ್ಲಿ ಮಾತನ್ನು ಬಿಟ್ಟು ಹೋಗುವರು, ಒಡೆಯನು ಬಿಡುವಾದಾಗ ಕೇಳುವನು.

'ಧ್ವನಿ' ಎಂಬ ಹೆಸರನ್ನು ನೋಡಿ, ಇದು ಕಿವುಡರಿಗೆ ಸಲ್ಲದ ವಸ್ತುವೆಂದು ನಾವು ತೀರ್ಮಾನಿಸಬಹುದು. ಆದರೆ ಯಂತ್ರದ ಒಳಗೆ ನಡೆಯುವುದೇನು? ಟೆಲಿಫೋನಿನ ಜಾಲದಲ್ಲಿ ನಾದವನ್ನು ಅಂಕಿಯಾಗಿಸುವ ಸಾಮಾನ್ಯ ರೀತಿಯಲ್ಲಿ, ಸೆಕೆಂಡಿಗೆ 8,000 ಸಲ ನಾದದ ಎತ್ತರವನ್ನು ಅಳೆದು ಬರೆದಿಡುತ್ತಾರೆ. ಅಳೆಯುವ ಯಂತ್ರಕ್ಕೆ ಮಾತಾವುದು, ಹಾಡಾವುದು, ಜೀರುಂಡೆಯ ಕೂಗಾವುದು ಎಂಬ ವಿವೇಚನೆ ಇಲ್ಲ. 1,400 ಮತ್ತು 1,800 ಕಂಪನಗಳ ಸ್ವರಗಳನ್ನು ಕೊಟ್ಟರೆ ಅವನ್ನೇ ಅಳೆದಿಟ್ಟು, ಕೇಳಿದಾಗ ಹಾಗೆಯೇ ಹಿಂದಿರುಗಿಸುವುದು. ಆಗ ಕೈಹಿಡಿಯನ್ನು ಅಕ್ಷರ ಟೆಲಿಫೋನಿನ ಗುಳಿಗಳ ಮೇಲಿಟ್ಟರೆ, ನಿನ್ನೆ ಯಾರೋ ಒತ್ತಿದ ಅಕ್ಷರಗಳು ಇಂದು ಪರದೆಯ ಮೇಲೆ ಸಾಲಾಗಿ ಬರುವುವು. ಪ್ರತಿ ಅಕ್ಷರವೂ ತನ್ನ ಆರಂಭದ ಗುರುತನ್ನು ತಾನೇ ಹೊತ್ತು ಬರುವುದರಿಂದ, ಸಂದೇಶವು ಯಾವ ಕ್ಷಣದಲ್ಲಿ ಶುರುವಾದರೂ ಯಂತ್ರವು ಗೊಂದಲಕ್ಕೆ ಬೀಳದು. ಅರ್ಥವಾಗದ ಭಾಗವನ್ನು ಇನ್ನೊಮ್ಮೆ ನುಡಿಸಿ ಓದಲೂಬಹುದು. ಹೀಗೆ, ಕಿವುಡರಿಗಾಗಿ ಮಾಡದ ಯಂತ್ರವು ತನಗೇ ತಿಳಿಯದೆ ಕಿವುಡರ ಕಾಗದಗಳನ್ನೂ ಕಾಪಾಡಬಲ್ಲುದಾಯಿತು.

ಬಾಗಿಲಲ್ಲಿ ನಿಂತ ತೊಡಕುಗಳು

ಹಾಗಾದರೆ ತೊಂದರೆ ಎಲ್ಲಿ? ಯಂತ್ರದ ಹೊಟ್ಟೆಯಲ್ಲಲ್ಲ, ಅದರ ಉಪಚಾರದ ಮಾತುಗಳಲ್ಲಿ. 'ಲೆಕ್ಕಪತ್ರಕ್ಕೆ ಒಂದನ್ನು ಒತ್ತಿ, ದೂರಿಗೆ ಎರಡನ್ನು ಒತ್ತಿ' ಎಂದು ಯಂತ್ರ ಬಾಯಲ್ಲಿ ಹೇಳುವುದು. ಕಿವುಡನಿಗೆ ಕಾಣುವುದು, ತಂತಿಯಲ್ಲಿ ಸದ್ದಿರುವಾಗ ಮಿನುಗುವ ಅಕ್ಷರ ಟೆಲಿಫೋನಿನ ದೀಪ ಮಾತ್ರ. ಗಂಟೆ ಬಾರಿಸುವಾಗ ಅದು ನಿಧಾನವಾಗಿ, ಸಾಲು ಬಿಡುವಿಲ್ಲದಾಗ ಬೇಗಬೇಗನೆ, ಯಾರಾದರೂ ಮಾತನಾಡುವಾಗ ಗೊತ್ತುಗುರಿಯಿಲ್ಲದೆ ಮಿನುಗುವುದು. ಮಾತನಾಡುತ್ತಿರುವುದು ಮನುಷ್ಯನೋ ಯಂತ್ರವೋ ಎಂಬುದನ್ನು ದೀಪ ತಿಳಿಸದು. ಆತ ಯೋಚಿಸುವುದರೊಳಗೆ ಯಂತ್ರವು ಉತ್ತರ ಬರಲಿಲ್ಲವೆಂದು ಕರೆಯನ್ನು ಕತ್ತರಿಸಿಬಿಡುವುದು.

ಎರಡನೆಯದು ಕಾಲದ ಲೆಕ್ಕ. ಬಾಯಿಂದ ನಾವು ನಿಮಿಷಕ್ಕೆ ಸುಮಾರು 150 ಪದಗಳನ್ನಾಡುತ್ತೇವೆ. ಅಕ್ಷರ ಟೆಲಿಫೋನಿನ ಮಿತಿ ಅರವತ್ತು. ಎಲ್ಲರಿಗೂ ಒಂದೇ ನಿಮಿಷವೆಂದು ವಿಧಿಸಿದ ಪೆಟ್ಟಿಗೆಯಲ್ಲಿ ಒಬ್ಬನಿಗೆ 150 ಪದ, ಇನ್ನೊಬ್ಬನಿಗೆ 60. ಅದರಲ್ಲಿ ಹೆಸರು, ಊರು, ಟೆಲಿಫೋನು ಸಂಖ್ಯೆ ಕಳೆದರೆ ಸಂಗತಿ ಹೇಳಲು ಉಳಿಯುವುದೆಷ್ಟು? ಸಮಾನವಾಗಿ ಹಂಚಿದ್ದೆಲ್ಲ ನ್ಯಾಯವಾಗದು.

ಮೂರನೆಯದು ಇನ್ನೂ ವಿಚಿತ್ರ. ಪೆಟ್ಟಿಗೆಯಲ್ಲಿ ಕಾಗದವಿದೆಯೆಂಬುದನ್ನು ಹಲವು ಪದ್ಧತಿಗಳು ಕೈಹಿಡಿ ಎತ್ತಿದಾಗ ಕೇಳುವ ತುಂಡುತುಂಡಾದ ಸದ್ದಿನಿಂದ ತಿಳಿಸುತ್ತಿದ್ದುವು. ಕೇಳಲಾರದವನಿಗೆ ಅಂಚೆ ಬಂದ ಸುದ್ದಿಯನ್ನು ಕೇಳಿಯೇ ತಿಳಿಯೆಂದಂತಾಯಿತು!

ಪರಿಹಾರಗಳು ಕಷ್ಟವಾಗಿರಲಿಲ್ಲ. ಅಂಚೆ ಬಂದಾಗ ಒಂದು ದೀಪ ಹೊತ್ತಿದರೆ ಸಾಕು. ಸಂದೇಶಕ್ಕೆ ಕೊಡುವ ವೇಳೆಯನ್ನು ಮೂರು ಪಾಲು ಮಾಡಿದರೆ ಸಾಕು. ಸ್ವಾಗತದ ಮಾತಿಗೆ ಇನ್ನೂ ಸುಲಭದ ದಾರಿಯಿದ್ದಿತು. ಮೊದಲು ಬಾಯಿಂದ ಚಿಕ್ಕದಾಗಿ ಹೇಳಿ, ಕೂಡಲೆ ಕೈಹಿಡಿಯನ್ನು ಅಕ್ಷರ ಟೆಲಿಫೋನಿನ ಮೇಲಿಟ್ಟು ಅದನ್ನೇ ಒತ್ತಿ ಮುದ್ರಿಸಿದರೆ ಇಬ್ಬರಿಗೂ ಸ್ವಾಗತ ದೊರೆಯಿತು. ನೂರು ಅಕ್ಷರಗಳ ಸ್ವಾಗತಕ್ಕೆ ಹಿಡಿಯುವುದು ಹದಿನೇಳು ಸೆಕೆಂಡು. ಕೆಲವು ಪದ್ಧತಿಗಳಲ್ಲಿ ಇಂಗ್ಲಿಷಿಗೊಂದು ಧ್ವನಿಮುದ್ರಣ, ಸ್ಪ್ಯಾನಿಷಿಗೊಂದು ಎಂದಿರುವಂತೆಯೇ, ಅಕ್ಷರ ಟೆಲಿಫೋನಿಗೂ ಒಂದು ಪೂರ್ಣ ಸೂಚನಾಮಾಲೆಯನ್ನು ಸ್ವರಗಳಲ್ಲಿ ಮುದ್ರಿಸಿಟ್ಟರು. ಎಂದರೆ ಕಿವುಡರ ಲಿಪಿಯನ್ನು ಇನ್ನೊಂದು ಭಾಷೆಯೆಂದು ಎಣಿಸಿದರು. ಸೂಚನೆಯನ್ನು ಪರದೆಯಲ್ಲಿ ಓದಿ, ಟೆಲಿಫೋನಿನ ಗುಂಡಿಯಿಂದ ಉತ್ತರ ಕೊಡುವುದು. ಗುಂಡಿಯ ಸದ್ದಿನಲ್ಲಿ ಎರಡು ಸ್ವರಗಳು ಏಕಕಾಲಕ್ಕೆ ನುಡಿಯುವುವು. ಅಕ್ಷರ ಟೆಲಿಫೋನಿನಲ್ಲಿ ಒಮ್ಮೆಗೆ ಒಂದೇ. ಆದುದರಿಂದ ಯಂತ್ರ ಒಂದನ್ನು ಇನ್ನೊಂದೆಂದು ಭ್ರಮಿಸುವ ಭಯವೂ ಕಡಮೆ.

ಇಷ್ಟು ಸುಲಭವಾದುದು ತಾನಾಗಿ ಎಲ್ಲೆಡೆಯೂ ಆಗಲಿಲ್ಲ, ಕಾನೂನು ಬೇಕಾಯಿತು. ಅಮೆರಿಕದ 1990ರ ಅಂಗವಿಕಲರ ಕಾಯಿದೆಯಿಂದ ದೇಶಾದ್ಯಂತ ಮಧ್ಯವರ್ತಿ ಸೇವೆ ಏರ್ಪಟ್ಟಿತು. ಅಲ್ಲಿ ಸಹಾಯಕರೊಬ್ಬರು ಕುಳಿತು, ಕಿವುಡರು ಒತ್ತಿದ್ದನ್ನು ಬಾಯಲ್ಲಿ ಓದಿ ಹೇಳಿ, ಆ ಕಡೆಯ ಮಾತನ್ನು ಅಕ್ಷರವಾಗಿಸಿ ಕಳುಹುವರು. ಧ್ವನಿಯಂಚೆಯ ಯಂತ್ರವು ಸಹಾಯಕರ ಬೆರಳಿಗಿಂತ ವೇಗವಾಗಿ ಮಾತನಾಡುವುದರಿಂದ, ಅದನ್ನು ಮುದ್ರಿಸಿಕೊಂಡು ಕರೆ ಮುಗಿಯುವವರೆಗೆ ಇಟ್ಟುಕೊಂಡು ನಿಧಾನವಾಗಿ ತಿಳಿಸಲು 2000ದಲ್ಲಿ ನಿಯಮ ಬಂದಿತು. ಧ್ವನಿಯಂಚೆಯೂ ಗುಂಡಿ ಒತ್ತಿಸುವ ಸೂಚನೆಗಳೂ ಅಂಗವಿಕಲರಿಗೆ ಬಳಸಲು ಬರುವಂತಿರಬೇಕೆಂದು 1999ರಲ್ಲಿಯೇ ಆಜ್ಞೆಯಾಗಿದ್ದಿತು.

ಜಾಣತನದ ಅಪಾಯ

ಆದರೆ ಮಾತಿಗೂ ನಾದಕ್ಕೂ ಭೇದವೆಣಿಸದ ಹಳೆಯ ಯಂತ್ರದ ದಡ್ಡತನವೇ ಕಿವುಡರಿಗೆ ವರವಾಗಿದ್ದುದನ್ನು ನೆನಪಿಡಬೇಕು. ಯಂತ್ರಗಳು ಜಾಣವಾದಂತೆ ಹೊಸ ಆಪತ್ತು ಬಂದಿತು. ಜಾಗವನ್ನು ಉಳಿಸುವುದಕ್ಕಾಗಿ ನಾದವನ್ನು ಹಿಂಡಿ ಚಿಕ್ಕದು ಮಾಡುವ ವಿಧಾನಗಳು ಹುಟ್ಟಿದುವು. ಇವು ಮನುಷ್ಯನ ಗಂಟಲು ಹೇಗೆ ನುಡಿಯುವುದೆಂಬುದನ್ನು ಊಹಿಸಿ, ಅದಕ್ಕೆ ಬೇಕಾದುದನ್ನು ಮಾತ್ರ ಉಳಿಸುತ್ತವೆ. ಗಂಟಲಿನಿಂದ ಹುಟ್ಟದ ಸ್ವರಗಳು ಇಲ್ಲಿ ರೂಪಗೆಡುವುವು. ಅಂಕೀಯ ಮೊಬೈಲುಗಳು ಹರಡಿದಾಗ ಅಕ್ಷರ ಟೆಲಿಫೋನು ಅವುಗಳ ಮೇಲೆ ತೊದಲತೊಡಗಿತು. ಅಪಾಯದಲ್ಲಿರುವವನು ತುರ್ತು ಸಹಾಯಕ್ಕೆ 911ನ್ನು ಕರೆದಾಗ ವಿಳಾಸದ ಅಕ್ಷರಗಳು ಕಲಸಿಹೋದರೆ ಅದು ಪ್ರಾಣದ ಪ್ರಶ್ನೆ. ಅಂತಹ ಕರೆಗಳು ಅಂಕೀಯ ಜಾಲದಲ್ಲಿಯೂ ಸರಿಯಾಗಿ ಹೋಗಬೇಕೆಂದು ಅಮೆರಿಕದ ಸರಕಾರವು 2002ರ ಜೂನ್ 30ನ್ನು ಗಡುವಾಗಿ ಗೊತ್ತುಮಾಡಬೇಕಾಯಿತು.

ಇಂದು ಅಕ್ಷರ ಟೆಲಿಫೋನು ಬಹುಮಟ್ಟಿಗೆ ಮೂಲೆ ಸೇರಿದೆ. ಮೊಬೈಲಿನ ಸಂದೇಶಗಳೂ ಕೈಸನ್ನೆಯಿಂದ ಮಾತನಾಡಲು ಬರುವ ವಿಡಿಯೊ ಕರೆಗಳೂ ಅದರ ಕೆಲಸವನ್ನು ವಹಿಸಿಕೊಂಡಿವೆ. ಒತ್ತಿದ ಅಕ್ಷರ ಒತ್ತಿದ ಕ್ಷಣವೇ ಆ ಕಡೆ ಕಾಣುವ ಅದರ ಹಿರಿಮೆಯನ್ನು ಉಳಿಸಿಕೊಂಡ ಹೊಸ ಪದ್ಧತಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ದೊರೆಯಿತು. ಇದರಲ್ಲಿ ಅಕ್ಷರಗಳು ಸ್ವರಗಳ ವೇಷ ಹಾಕಿಕೊಳ್ಳಬೇಕಾಗಿಲ್ಲ. 32 ಸಂಕೇತಗಳ ಹಳೆಯ ಪೆಟ್ಟಿಗೆಯಲ್ಲಿ 49 ವರ್ಣಗಳ ನಮ್ಮ ಕನ್ನಡಕ್ಕೆ ಸ್ಥಳವೇ ಇರಲಿಲ್ಲ; ಇದರಲ್ಲಿ ಒತ್ತಕ್ಷರಗಳ ಸಹಿತ ಅದು ಸಾಗಬಲ್ಲುದು.

ಯಂತ್ರ ಹಳತಾದರೂ ಅದು ಕಲಿಸುವ ಪಾಠ ಹಳತಾಗಿಲ್ಲ. ಮುಂದೆ ಎಂಜಿನಿಯರುಗಳಾಗುವ ನಮ್ಮ ವಿದ್ಯಾರ್ಥಿಗಳು ಯಂತ್ರವನ್ನು ರಚಿಸುವಾಗ, ಅದನ್ನು ಬಳಸುವವರು ಯಾರು ಎಂದು ಮಾತ್ರ ಕೇಳಿದರೆ ಸಾಲದು. ಬಳಸಲಾಗದೆ ಹೊರಗೆ ನಿಲ್ಲುವವರು ಯಾರು ಎಂದೂ ಕೇಳಬೇಕು. ಮೊದಲ ದಿನವೇ ಹಾಗೆ ಕೇಳಿದರೆ ಒಂದು ದೀಪದಿಂದಲೋ ಎರಡು ನಿಮಿಷದ ಹೆಚ್ಚಿನ ವೇಳೆಯಿಂದಲೋ ಕೆಲಸ ನಡೆದುಹೋಗುವುದು. ತಡವಾಗಿ ಕೇಳಿದರೆ ತೊಂಬತ್ತು ವರ್ಷ ಹಿಡಿಯುವುದುಂಟು.