ಕಿತ್ತೂರಿನ ರಾಣಿ ಚೆನ್ನಮ್ಮ

ಬೆಳಗಾವಿ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಮಲಪ್ರಭಾ ನದಿಯು ಹರಿಯುವ ಸೀಮೆಯೊಂದುಂಟು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಈ ಸೀಮೆಯಲ್ಲಿವೆ. ಇಲ್ಲಿಯದು ಜೋಳ, ಹತ್ತಿಗಳನ್ನು ಬೆಳೆಯುವ ಎರೆಯ ನೆಲ. ಸೀಮೆಯ ಪಶ್ಚಿಮದ ಅಂಚಿನಲ್ಲಿ, ಮಲೆನಾಡು ಮೊದಲಾಗುವ ಕಡೆ, ಕಿತ್ತೂರು ಇದೆ. ಒಂದು ಕೋಟೆ, ಒಂದು ಪೇಟೆ, ಕೆಲವು ನೂರು ಹಳ್ಳಿಗಳು. ಕಿತ್ತೂರಿನ ದೇಸಾಯರ ಸಂಸ್ಥಾನವೆಂದರೆ ಇಷ್ಟೇ. ಇಂಥ ಸಣ್ಣ ಸಂಸ್ಥಾನವು 1824ರಲ್ಲಿ ಭರತಖಂಡದ ಬಹುಭಾಗವನ್ನು ತನ್ನ ವಶಮಾಡಿಕೊಂಡಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಎದುರಿಸಿ ನಿಂತಿತು. ಹಾಗೆ ನಿಲ್ಲಿಸಿದವಳು ರಾಣಿ ಚೆನ್ನಮ್ಮ.

ಚೆನ್ನಮ್ಮ 1778ರಲ್ಲಿ ಬೆಳಗಾವಿಯ ಬಳಿಯ ಕಾಕತಿಯಲ್ಲಿ ದೇಸಾಯರ ಮನೆತನದಲ್ಲಿ ಹುಟ್ಟಿದಳು. ಕುದುರೆಯ ಸವಾರಿಯನ್ನೂ ಶಸ್ತ್ರವಿದ್ಯೆಯನ್ನೂ ಬಾಲ್ಯದಲ್ಲಿಯೇ ಕಲಿತಳು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕೈಹಿಡಿದು ಅವನ ಕಿರಿಯ ರಾಣಿಯಾದಳು. ಮಲ್ಲಸರ್ಜನ ಕಾಲವು ನೆಮ್ಮದಿಯದಾಗಿರಲಿಲ್ಲ. ದಕ್ಷಿಣದಲ್ಲಿ ಟಿಪ್ಪು ಸುಲ್ತಾನ, ಉತ್ತರದಲ್ಲಿ ಪೇಶ್ವೆಯರು. ಈ ಎರಡು ಬಲಗಳ ನಡುವೆ ಸಂಸ್ಥಾನವು ಬದುಕಬೇಕಾಗಿತ್ತು. ಟಿಪ್ಪುವಿನ ಸೆರೆಯನ್ನೂ ಪೇಶ್ವೆಯ ಸೆರೆಯನ್ನೂ ಕಂಡ ಮಲ್ಲಸರ್ಜನು 1816ರಲ್ಲಿ ತೀರಿಕೊಂಡನು. ಹಿರಿಯ ರಾಣಿ ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದಾಗ ಕಿತ್ತೂರು ಕಂಪನಿಯ ಮೇಲಧಿಕಾರಕ್ಕೆ ಒಳಪಟ್ಟಿತು. ಆಗ ಕಂಪನಿಯು ದೇಸಾಯಿಗೆ ಸನ್ನದನ್ನು ಕೊಟ್ಟು ಅವನ ಆಳಿಕೆಯನ್ನು ಒಪ್ಪಿಕೊಂಡಿತ್ತು.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅದಕ್ಕೆ ಮುಂಚೆ ಅವನು ಬಂಧುಗಳ ಮನೆತನದ ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡಿದ್ದನು. ಈ ಸಂಗತಿಯನ್ನು ತಿಳಿಸುವ ಪತ್ರವು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯ ಕೈಸೇರಿತು. ದೇಸಾಯಿಯ ಮರಣವೂ ಈ ಪತ್ರವೂ ಒಟ್ಟೊಟ್ಟಿಗೆ ಬಂದುದರಿಂದ ಪತ್ರವು ನಿಜವೇ ಎಂದು ಅವನು ಸಂಶಯಪಟ್ಟನು. ಕಂಪನಿಯ ಅಪ್ಪಣೆಯಿಲ್ಲದ ದತ್ತಕವು ಸಲ್ಲದೆಂದು ಹೇಳಿ ಸಂಸ್ಥಾನದ ಭಂಡಾರಕ್ಕೆ ಮುದ್ರೆ ಹಾಕಿಸಿದನು. ಕಾವಲಿಗೆ ತನ್ನವರನ್ನು ಇರಿಸಿದನು.

ಮಕ್ಕಳಿಲ್ಲದವರು ದತ್ತು ಮಗನನ್ನು ತೆಗೆದುಕೊಳ್ಳುವುದು ನಾಡಿನ ಪುರಾತನ ಪದ್ಧತಿ. ದತ್ತು ಮಗನು ಹೊಟ್ಟೆಯ ಮಗನಷ್ಟೇ ಹಕ್ಕುಳ್ಳವನೆಂದು ಧರ್ಮಶಾಸ್ತ್ರವೂ ಲೋಕರೂಢಿಯೂ ಒಪ್ಪಿದ್ದವು. ಹಾಗಿರುವಾಗ ಒಂದು ಮನೆತನದ ಉತ್ತರಾಧಿಕಾರಿ ಯಾರೆಂಬುದನ್ನು ನಿರ್ಧರಿಸಬೇಕಾದವರು ಆ ಮನೆಯವರೋ, ದೂರದಿಂದ ಬಂದ ವ್ಯಾಪಾರಿ ಕಂಪನಿಯೋ? ಕಿತ್ತೂರಿನ ಮುಂದೆ ನಿಂತ ಪ್ರಶ್ನೆ ಇದು. ಮುಂದೆ 1848ರಿಂದ ಗವರ್ನರ್ ಜನರಲ್ ಡಾಲ್‌ಹೌಸಿಯು ಸಾತಾರಾ, ಝಾನ್ಸಿ ಮೊದಲಾದ ರಾಜ್ಯಗಳನ್ನು ಕಂಪನಿಗೆ ಸೇರಿಸಿಕೊಂಡುದು ಇದೇ ನೆಪದಿಂದ. ಕಿತ್ತೂರು ಆ ಪ್ರಶ್ನೆಯನ್ನು ಬಹು ಮೊದಲೇ ಎದುರಿಸಿತು.

ಚೆನ್ನಮ್ಮ ಒಮ್ಮೆಲೇ ಕತ್ತಿ ಹಿಡಿಯಲಿಲ್ಲ ಎಂಬುದನ್ನು ಗಮನಿಸಬೇಕು. ಮೊದಲು ಪತ್ರಗಳ ಮೂಲಕ ತನ್ನ ಹಕ್ಕನ್ನು ಮಂಡಿಸಿದಳು. ಮುಂಬಯಿಯ ಗವರ್ನರನಾಗಿದ್ದ ಎಲ್ಫಿನ್‌ಸ್ಟನ್ನನಿಗೂ ಬರೆದಳು. ಅದರಿಂದ ಫಲವಾಗದೆ ಹೋದಾಗ ಸರದಾರ ಗುರುಸಿದ್ದಪ್ಪ ಮೊದಲಾದವರೊಡನೆ ಕೂಡಿ ಆಲೋಚಿಸಿ, ಕೋಟೆಯನ್ನು ಕಾಯಲು ಸಿದ್ಧಳಾದಳು.

1824ರ ಅಕ್ಟೋಬರ್ 23ರಂದು ಥ್ಯಾಕರೆಯು ತೋಪುಗಳನ್ನು ತರಿಸಿ, ಕೋಟೆಯ ಬಾಗಿಲನ್ನು ತೆರೆಯಬೇಕೆಂದು ಗಡುವು ವಿಧಿಸಿದನು. ಬಾಗಿಲೇನೋ ತೆರೆಯಿತು, ಆದರೆ ಶರಣಾಗತಿಗಾಗಿ ಅಲ್ಲ. ಕಿತ್ತೂರಿನ ದಂಡು ಹೊಳೆಯಂತೆ ಹೊರಗೆ ನುಗ್ಗಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಲಿಯಾದನು. ಕಂಪನಿಯ ಇನ್ನೂ ಕೆಲವು ಅಧಿಕಾರಿಗಳು ಹತರಾದರು. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು.

ಗೆದ್ದ ಬಳಿಕವೂ ಚೆನ್ನಮ್ಮ ವಿವೇಕವನ್ನು ಬಿಡಲಿಲ್ಲ. ಸೆರೆಯಾಳುಗಳ ಪ್ರಾಣಕ್ಕೆ ಕೇಡು ಬಾರದಂತೆ ನೋಡಿಕೊಂಡಳು. ದಖ್ಖನದ ಕಮಿಷನರನಾದ ಚಾಪ್ಲಿನ್ನನೊಡನೆ ಮಾತುಕತೆ ನಡೆದು, ಡಿಸೆಂಬರಿನ ಮೊದಲಲ್ಲಿ ಅವರಿಬ್ಬರ ಬಿಡುಗಡೆಯಾಯಿತು. ಹೀಗೆ ಬದುಕಿ ಉಳಿದ ವಾಲ್ಟರ್ ಎಲಿಯಟ್ ಮುಂದೆ ಕನ್ನಡನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿ ವಿದ್ವಾಂಸನೆಂದು ಹೆಸರಾದನು. ರಾಣಿಯು ಅಂದು ತೋರಿದ ಸಂಯಮದ ಫಲವು ನಾಡಿನ ಚರಿತ್ರೆಗೂ ದೊರೆಯಿತು.

ಸೆರೆಯಾಳುಗಳು ಹಿಂದಿರುಗಿದರೂ ಯುದ್ಧ ತಪ್ಪಲಿಲ್ಲ. ಹಲವು ಕಡೆಗಳಿಂದ ದಂಡನ್ನು ಕೂಡಿಸಿದ ಕಂಪನಿಯು ಕೋಟೆಯನ್ನು ಮುತ್ತಿತು. ಸೋಲಾಪುರದ ಸಬ್ ಕಲೆಕ್ಟರನಾಗಿದ್ದ ಮನ್ರೋ ಎಂಬವನು ಈ ಕಾಳಗದಲ್ಲಿ ಮಡಿದನು. ಆದರೆ ದೊಡ್ಡ ತೋಪುಗಳ ಹೊಡೆತವನ್ನು ಕೋಟೆಯು ಬಹಳ ಹೊತ್ತು ತಾಳಲಾರದೆ ಹೋಯಿತು. ಡಿಸೆಂಬರ್ 5ರಂದು ಕಿತ್ತೂರು ಬಿದ್ದಿತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ತನ್ನ ನಾಡಿನ ನಡುವೆಯೇ ಬಂದಿಯಾಗಿ, ಕಿತ್ತೂರನ್ನು ಮತ್ತೆ ಕಾಣದೆ, ಅವಳು 1829ರಲ್ಲಿ ಕಣ್ಣು ಮುಚ್ಚಿದಳು. ಅವಳ ಸಮಾಧಿಯು ಬೈಲಹೊಂಗಲದಲ್ಲಿದೆ.

ಹೋರಾಟವು ಅವಳೊಡನೆ ಮುಗಿಯಲಿಲ್ಲ. ಬೈಲಹೊಂಗಲದ ಸಮೀಪದ ಸಂಗೊಳ್ಳಿಯ ರಾಯಣ್ಣನು ದತ್ತು ಮಗನಿಗೆ ಪಟ್ಟವನ್ನು ಮರಳಿ ದೊರಕಿಸಲೆಂದು ರೈತರನ್ನೂ ಶೇತಸನದಿಗಳನ್ನೂ ಕೂಡಿಸಿ ಕಾಡಿನ ಮರೆಯಿಂದ ಕಾದಾಡಿದನು. ಕಂಪನಿಯವರು ಅವನನ್ನು ಸೆರೆಹಿಡಿದು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇದೇ ಸೀಮೆಯ ರಾಮದುರ್ಗದ ಸಂಸ್ಥಾನವು ಬ್ರಿಟಿಷರ ಮೇಲಧಿಕಾರವನ್ನು ಒಪ್ಪಿಕೊಂಡು 1948ರವರೆಗೆ ಉಳಿಯಿತು. ಕಿತ್ತೂರು ಅದಕ್ಕಿಂತ ನೂರಿಪ್ಪತ್ತು ವರ್ಷಗಳಿಗೂ ಮೊದಲೇ ಅಳಿಯಿತು. ಆದರೆ ಅಳಿದ ಕಿತ್ತೂರನ್ನು ಜನರು ಮರೆಯಲಿಲ್ಲ; ಲಾವಣಿಗಳಲ್ಲಿ ಹಾಡಿಕೊಂಡರು. 2007ರಲ್ಲಿ ಚೆನ್ನಮ್ಮನ ಪ್ರತಿಮೆಯನ್ನು ದೆಹಲಿಯ ಸಂಸತ್ ಭವನದ ಆವರಣದಲ್ಲಿ ನಿಲ್ಲಿಸಲಾಯಿತು. 2021ರಲ್ಲಿ ‘ಮುಂಬಯಿ ಕರ್ನಾಟಕ’ವೆಂಬ ಹೆಸರನ್ನು ಬಿಟ್ಟು ಆ ಪ್ರದೇಶವನ್ನು ‘ಕಿತ್ತೂರು ಕರ್ನಾಟಕ’ವೆಂದು ಕರೆಯಲು ಸರಕಾರವು ತೀರ್ಮಾನಿಸಿತು.

ಎದುರಾಳಿಯ ಬಲವೆಷ್ಟೆಂದು ಚೆನ್ನಮ್ಮನಿಗೆ ತಿಳಿಯದೆ ಇರಲಿಲ್ಲ. ನ್ಯಾಯವನ್ನು ಮೊದಲು ಮಾತಿನಿಂದ ಕೇಳಿದಳು. ಮಾತು ಸೋತಾಗ ಮಾತ್ರ ಶಸ್ತ್ರ ಹಿಡಿದಳು. ಗೆಲುವಿನಲ್ಲಿಯೂ ಮನುಷ್ಯತ್ವವನ್ನು ಬಿಡಲಿಲ್ಲ. ಕೋಟೆ ಬಿದ್ದರೂ ಅವಳ ಹೆಸರು ಬೀಳದಿರುವುದಕ್ಕೆ ಇದೇ ಕಾರಣ.