ಗಣಿಗೆ ಬೆಳಕಿತ್ತ ರಾಜಮಾತೆ

ರಾಣಿಯೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವ ಚಿತ್ರಗಳು ಎರಡೇ. ಒಂದು, ಕಿತ್ತೂರಿನ ಚೆನ್ನಮ್ಮನಂತೆ ಕತ್ತಿ ಹಿರಿದ ವೀರವನಿತೆಯದು. ಇನ್ನೊಂದು, ಅಂತಃಪುರದಲ್ಲಿ ಸಖಿಯರ ನಡುವೆ ಕುಳಿತ ಸುಕುಮಾರಿಯದು. ಈ ಎರಡು ಚೌಕಟ್ಟುಗಳಿಗೂ ಹೊಂದದ ರಾಣಿಯೊಬ್ಬರ ಕಥೆ ಕೋಲಾರದ ಚಿನ್ನದ ಗಣಿಗಳೊಡನೆ ಹೆಣೆದುಕೊಂಡಿದೆ.

ಕಳಲೆ ಮನೆತನದಲ್ಲಿ 1866ರಲ್ಲಿ ಜನಿಸಿದ ಕೆಂಪನಂಜಮ್ಮಣ್ಣಿಯವರು 1878ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ ಕೈಹಿಡಿದರು. 1894ರ ಡಿಸೆಂಬರ್ ಕೊನೆಯಲ್ಲಿ ದೂರದ ಕಲ್ಕತ್ತೆಯಲ್ಲಿ ಮಹಾರಾಜರು ಡಿಫ್ತೀರಿಯಾ ರೋಗಕ್ಕೆ ತುತ್ತಾದರು. ರಾಣಿಯವರಿಗೆ ಆಗ ಇಪ್ಪತ್ತೆಂಟು ವರ್ಷ. ಪಟ್ಟಕ್ಕೆ ಬರಬೇಕಾದ ಮಗ ಕೃಷ್ಣರಾಜರಿಗೆ ಹತ್ತು. ದುಃಖ ಆರುವ ಮೊದಲೇ ರಾಜ್ಯಭಾರ ಹೆಗಲೇರಿತು. 1895ರಿಂದ ‘ವಾಣೀವಿಲಾಸ ಸನ್ನಿಧಾನ’ದವರು ರೀಜೆಂಟರಾಗಿ ನಾಡನ್ನು ಆಳಿದರು.

ಅವು ಸುಖದ ವರ್ಷಗಳಲ್ಲ. 1897ರಲ್ಲಿ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗು ಕಾಲಿಟ್ಟಿತು. ಅತ್ತ ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಉರಿಗಾಂ ಗಣಿಗಳು ಆಳಕ್ಕಿಳಿದಂತೆಲ್ಲ ಉಗಿಯಂತ್ರಗಳ ಹಸಿವು ಬೆಳೆಯಿತು. ಸೌದೆ, ಕಲ್ಲಿದ್ದಲು ಎಷ್ಟಿದ್ದರೂ ಸಾಲದು. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ತೆಗೆದು, 92 ಮೈಲಿ ತಂತಿ ಎಳೆದು ಗಣಿಗಳಿಗೆ ಮುಟ್ಟಿಸುವ ಯೋಜನೆಯನ್ನು ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಮುಂದಿಟ್ಟರು. ದಿವಾನ್ ಶೇಷಾದ್ರಿ ಅಯ್ಯರ್ ಬೆಂಬಲಕ್ಕೆ ನಿಂತರು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ನಿದರ್ಶನ ಲೋಕದಲ್ಲೇ ವಿರಳವಾಗಿದ್ದ ಕಾಲವದು. ಮಗನ ಬೊಕ್ಕಸವನ್ನು ಜೋಪಾನವಾಗಿ ಕಾಯ್ದು ಒಪ್ಪಿಸಬೇಕಾದ ತಾಯಿಗೆ ‘ಬೇಡ’ ಎನ್ನುವುದೇ ಸುಲಭವಾಗಿತ್ತು. ಆದರೂ ಅವರ ಆಡಳಿತ ಒಪ್ಪಿಗೆಯಿತ್ತಿತು.

1902ರ ಜೂನ್ 30ರಂದು ಕಾವೇರಿಯ ಶಕ್ತಿ ಗಣಿಗಳನ್ನು ತಲಪಿತು. ಹಿಂದಿನ ವರ್ಷವೇ ಕಣ್ಮುಚ್ಚಿದ್ದ ಶೇಷಾದ್ರಿ ಅಯ್ಯರಿಗೆ ಅದನ್ನು ಕಾಣುವ ಭಾಗ್ಯವಿರಲಿಲ್ಲ. ಆರು ವಾರ ತುಂಬುವ ಮೊದಲೇ, ಆಗಸ್ಟ್ 8ರಂದು, ರಾಜಮಾತೆಯು ಅಧಿಕಾರವನ್ನು ಮಗನಿಗೆ ಒಪ್ಪಿಸಿ ಹಿಂದೆ ಸರಿದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ರಾಜಧಾನಿ ಮೈಸೂರಿನ ಸರದಿ ಬಂದದ್ದು ಆಮೇಲೆ.

ಗಣಿಗಳ ಚಿನ್ನದ ಲಾಭ ಬಹುಮಟ್ಟಿಗೆ ಲಂಡನ್ನಿನ ಕಂಪನಿಗಳ ಪಾಲಾಯಿತೆಂಬುದು ನಿಜ. ನೆಲದ ಆಳದಲ್ಲಿ ಬೆವರು ಸುರಿಸಿದವರಿಗೆ ದಕ್ಕಿದ್ದು ಅಲ್ಪವೇ. ಆದರೆ ವಿದ್ಯುತ್ತಿಗಾಗಿ ಆ ಕಂಪನಿಗಳು ತೆತ್ತ ಹಣ ಸಂಸ್ಥಾನದ ಬೊಕ್ಕಸಕ್ಕೆ ಬಂತು. ಗಣಿಗೆಂದು ಹಚ್ಚಿದ ದೀಪ ನಾಡಿಗೂ ಬೆಳಕಾಯಿತು.

ರಾಜಮಾತೆ 1934ರಲ್ಲಿ ತೀರಿಕೊಂಡರು. ಗಣಿಗಳು 2001ರಲ್ಲಿ ಮುಚ್ಚಿದವು. ಮಾರಿಕಣಿವೆಯ ವಾಣೀವಿಲಾಸ ಸಾಗರ ಅವರ ಹೆಸರನ್ನು ಹೊತ್ತು ನಿಂತಿದೆ. ಕತ್ತಿ ಹಿಡಿದ ರಾಣಿಯರ ಪಟಗಳ ಸಾಲಿನಲ್ಲಿ, ಲೇಖನಿಯಿಂದಲೇ ನಾಡನ್ನು ಕಾಪಾಡಿ ಮಗನ ಕೈಗಿತ್ತ ಈ ತಾಯಿಯ ಪಟಕ್ಕೂ ಒಂದು ಜಾಗವಿರಬೇಡವೇ?