ಲಾಗಿನ್ನಿನೊಡನೆ ಕನ್ನಡ: ಮುಕ್ತ ತಂತ್ರಾಂಶದ ಗಣಕಗಳಲ್ಲಿ ಸ್ವಯಂಪ್ರಾರಂಭದ ವ್ಯವಸ್ಥೆ

ಹೊರನಾಡಿನಲ್ಲಿ ಕನ್ನಡ ಸಂಶೋಧನೆ ನಡೆಸುವವರಲ್ಲಿ ಹಲವರು ಹಲವು ಭಾಷೆಗಳವರು ಬಳಸುವ ಗಣಕಗಳಲ್ಲಿಯೇ ತಮ್ಮ ಟಿಪ್ಪಣಿಗಳನ್ನು ಸಿದ್ಧಪಡಿಸಬೇಕಾಗುತ್ತದೆ. ನಾವಿರುವ ಬೇಲಾಪುರದಲ್ಲಿ ರಾಜ್ಯಭಾಷೆ ಮರಾಠಿ. ಇಲ್ಲಿನ ಗಣಕದಲ್ಲಿ ದೇವನಾಗರಿ ಕೀಲಿಮಣೆ ಸಿದ್ಧವಾಗಿರುವುದು ಸಹಜ, ಕನ್ನಡವಿರುವುದು ಆಕಸ್ಮಿಕ. ಪ್ರತಿ ಸಲವೂ ಕನ್ನಡದ ಸಾಧನವನ್ನು ಹುಡುಕಿ ಚಾಲನೆಗೊಳಿಸಬೇಕಾದಾಗ ಅನೇಕರು ಬೇಸತ್ತು ರೋಮನ್ ಲಿಪಿಗೆ ಶರಣಾಗುತ್ತಾರೆ. ಲಿನಕ್ಸ್ ಗಣಕಗಳಲ್ಲಿ ಈ ತೊಡಕನ್ನು ಬಳಕೆದಾರನೇ ನಿವಾರಿಸಿಕೊಳ್ಳುವ ಬಗೆಯನ್ನು ವಿವರಿಸುವುದು ಈ ಟಿಪ್ಪಣಿಯ ಉದ್ದೇಶ.

ರೋಮನ್ ಲಿಪಿಯಿಂದಾಗುವ ಹಾನಿ ಅಲ್ಪವಲ್ಲ. ಹಳಗನ್ನಡದಲ್ಲಿ 'ಆಲ್' ಎಂದರೆ ಆಲದ ಮರ, 'ಆಳ್' ಎಂದರೆ ಸೇವಕ, 'ಆೞ್' ಎಂದರೆ ಮುಳುಗು. ವಿಶೇಷ ಚಿಹ್ನೆಗಳಿಲ್ಲದ ರೋಮನ್ ಬರಹದಲ್ಲಿ ಈ ಮೂರೂ ಒಂದೇ ಆಗಿಬಿಡುತ್ತವೆ. ಅಂಥ ಟಿಪ್ಪಣಿಯಿಂದ ಪದಸೂಚಿಯನ್ನು ತಯಾರಿಸಲಾಗದು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ೞಕಾರಕ್ಕೆ ಅದರಲ್ಲಿ 'ಫ' ಎಂಬ ತಪ್ಪು ಹೆಸರು ಅಂಟಿಕೊಂಡಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಹೆಸರು ತಪ್ಪಾದರೂ ಅಕ್ಷರ ಸುರಕ್ಷಿತವಾಗಿದೆ. ಅದನ್ನು ಮೂಡಿಸುವ ಸಾಧನ ಕೈಗೆ ಸಿಗಬೇಕು, ಅಷ್ಟೆ.

ಈ ವಿಷಯಕ್ಕೂ ಬೇಲಾಪುರಕ್ಕೂ ಒಂದು ನಂಟಿದೆ. 1985ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರವು ಈ ಶತಮಾನದ ಆರಂಭದಲ್ಲಿ 'ಇಂಡಿಕ್ಸ್' ಎಂಬ ಯೋಜನೆಯ ಮೂಲಕ ಲಿನಕ್ಸ್‌ಗೆ ಭಾರತೀಯ ಲಿಪಿಗಳನ್ನು ಅಳವಡಿಸುವ ಕೆಲಸ ಮಾಡಿತು. ಖಾರ್ಘರ್ ರೈಲು ನಿಲ್ದಾಣದ ಎದುರಿನ, ಬೇಲಾಪುರದ ವಿಳಾಸವನ್ನೇ ಹೊತ್ತ ಅದರ ಆವರಣ, ಸಂಸ್ಥೆಯು ಸಿ-ಡ್ಯಾಕ್‌ನಲ್ಲಿ ವಿಲೀನವಾದ ಬಳಿಕ ಆ ಸಂಸ್ಥೆಗೆ ಸೇರಿತು. ಲಿಪಿಯನ್ನು ತೆರೆಯ ಮೇಲೆ ತೋರಿಸುವ ಸಮಸ್ಯೆ ಈಗ ಬಹುಪಾಲು ಬಗೆಹರಿದಿದೆ. ಉಳಿದಿರುವುದು ಬರೆಯುವ ಸಾಧನವನ್ನು ಸಕಾಲಕ್ಕೆ ಸಿದ್ಧವಾಗಿರಿಸುವ ಪ್ರಶ್ನೆ.

ಲಿನಕ್ಸ್‌ನಲ್ಲಿ ಕನ್ನಡ ಟೈಪಿಸಲು ಹೆಚ್ಚಾಗಿ ಬಳಕೆಯಲ್ಲಿರುವುದು 'ಐಬಸ್' ಎಂಬ ತಂತ್ರಾಂಶ. ಅದರ 'ಎಂ17ಎನ್' ಘಟಕದಲ್ಲಿ ಇನ್‌ಸ್ಕ್ರಿಪ್ಟ್, ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಮೊದಲಾದವು ದೊರೆಯುತ್ತವೆ. ಇವೆರಡನ್ನು ಗಣಕದಲ್ಲಿ ಸ್ಥಾಪಿಸಲು ನಿರ್ವಾಹಕರ ನೆರವು ಒಮ್ಮೆ ಬೇಕು. ಆನಂತರ ಅವು ಲಾಗಿನ್ನಿನೊಡನೆ ತಾವಾಗಿಯೇ ಪ್ರಾರಂಭವಾಗುವಂತೆ ಮಾಡುವುದು ಬಳಕೆದಾರನ ಅಧಿಕಾರದಲ್ಲಿಯೇ ಇದೆ. ನೋಮ್ ಪರಿಸರವು 2012ರ 3.6ನೆಯ ಆವೃತ್ತಿಯಿಂದ ಐಬಸ್ಸನ್ನು ಒಳಗೊಂಡಿರುವುದರಿಂದ ಅಲ್ಲಿ ಕೀಲಿಮಣೆಯ ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸಿದರೆ ಸಾಕು. ಹಳೆಯ ಗಣಕಗಳಿಗೆ ಒಗ್ಗುವ ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿಯಂಥ ಹಗುರ ಪರಿಸರಗಳಲ್ಲಿ ಮಾತ್ರ ಮುಂದೆ ಹೇಳುವ ಕ್ರಮದ ಅಗತ್ಯ ಬೀಳಬಹುದು.

ಫ್ರೀಡೆಸ್ಕ್‌ಟಾಪ್ ಎಂಬ ಸಹಕಾರಿ ಯೋಜನೆಯು ಈ ಎಲ್ಲ ಪರಿಸರಗಳಿಗೆ ಸಮಾನವಾದ ನಿಯಮವೊಂದನ್ನು ರೂಪಿಸಿದೆ. ಲಾಗಿನ್ ಆದೊಡನೆ ಪರಿಸರವು 'ಆಟೋಸ್ಟಾರ್ಟ್' ಎಂಬ ಎರಡು ಕಡತಕೋಶಗಳನ್ನು ನೋಡುತ್ತದೆ: ಒಂದು ಇಡೀ ಗಣಕಕ್ಕೆ ಸೇರಿದ್ದು, ಇನ್ನೊಂದು ಬಳಕೆದಾರನ ಮನೆಕೋಶದಲ್ಲಿ ಅಡಗಿರುವ 'ಡಾಟ್ ಕಾನ್ಫಿಗ್' ಎಂಬುದರ ಒಳಗಿನದು. ಅವುಗಳಲ್ಲಿ 'ಡಾಟ್ ಡೆಸ್ಕ್‌ಟಾಪ್' ಎಂದು ಹೆಸರು ಕೊನೆಗೊಳ್ಳುವ ಕಡತಗಳನ್ನು ಓದಿ, ಪ್ರತಿಯೊಂದರ 'ಎಕ್ಸೆಕ್' ಸಾಲಿನಲ್ಲಿರುವ ಆಜ್ಞೆಯನ್ನು ಜಾರಿಗೊಳಿಸುತ್ತದೆ. ಎರಡೂ ಕಡೆ ಒಂದೇ ಹೆಸರಿನ ಕಡತವಿದ್ದರೆ ಬಳಕೆದಾರನದೇ ಮಾನ್ಯ. ಅದರಲ್ಲಿ 'ಹಿಡನ್' ಎಂಬುದಕ್ಕೆ 'ಟ್ರೂ' ಎಂಬ ಬೆಲೆ ಕೊಟ್ಟರೆ ಗಣಕದ ಕಡತವೂ ಆ ಬಳಕೆದಾರನ ಮಟ್ಟಿಗೆ ನಿಷ್ಕ್ರಿಯವಾಗುತ್ತದೆ. ಅಲ್ಪಸಂಖ್ಯಾತ ಭಾಷೆಯ ಬಳಕೆದಾರನಿಗೆ ಈ ನಿಯಮವೇ ಆಸರೆ: ಉಳಿದವರ ವ್ಯವಸ್ಥೆಯನ್ನು ಕದಲಿಸದೆ ತನ್ನ ಖಾತೆಯಲ್ಲಿ ಕನ್ನಡವನ್ನು ನೆಲೆಗೊಳಿಸಬಹುದು.

ಈ ಕಡತವನ್ನು ಕೈಯಿಂದ ಬರೆಯಲೇಬೇಕೆಂದಿಲ್ಲ. ಎಕ್ಸ್‌ಎಫ್‌ಸಿಇಯ ಸೆಟ್ಟಿಂಗಿನಲ್ಲಿ ಸ್ವಯಂಪ್ರಾರಂಭದ ಪಟ್ಟಿಯನ್ನು ತೆರೆದು, ಹೊಸ ನಮೂದಿಗೆ ಒಂದು ಹೆಸರನ್ನೂ 'ಐಬಸ್-ಡೀಮನ್' ಎಂಬ ಆಜ್ಞೆಯನ್ನೂ (ಗಣಕದಲ್ಲಿ ಇದನ್ನು ರೋಮನ್ ಸಣ್ಣಕ್ಷರಗಳಲ್ಲಿ ಟೈಪಿಸಬೇಕು) ಕೊಟ್ಟರೆ ಪರಿಸರವೇ ಕಡತವನ್ನು ಸೃಷ್ಟಿಸುತ್ತದೆ.

ಇಷ್ಟಾದ ಮೇಲೂ ಒಂದು ಅನ್ವಯದಲ್ಲಿ ಕನ್ನಡ ಮೂಡಿ ಇನ್ನೊಂದರಲ್ಲಿ ಮೂಡದಿರುವುದುಂಟು. ಐಬಸ್ ಚಾಲನೆಯಲ್ಲಿದ್ದರೆ ಸಾಲದು; ಅದನ್ನೇ ಬಳಸಬೇಕೆಂಬ ಸೂಚನೆ ಪ್ರತಿ ಅನ್ವಯಕ್ಕೂ ತಲುಪಬೇಕು. ಜಿಟಿಕೆ, ಕ್ಯೂಟಿ ಎಂಬ ಎರಡು ತಂತ್ರಾಂಶ ಕುಟುಂಬಗಳಿಗೂ ಹಳೆಯ ಎಕ್ಸ್ ಅನ್ವಯಗಳಿಗೂ ಈ ಸೂಚನೆಯನ್ನು ಮೂರು ಪರಿಸರ ಚರಗಳು ಒಯ್ಯುತ್ತವೆ. ಅನ್ವಯಗಳು ತೆರೆಯುವ ಮುನ್ನವೇ ಅವು ಸಿದ್ಧವಿರಬೇಕಾದ್ದರಿಂದ ಅವುಗಳ ಸ್ಥಾನ ಆಟೋಸ್ಟಾರ್ಟ್ ಕೋಶವಲ್ಲ, ಅದಕ್ಕೂ ಮೊದಲು ಓದಲಾಗುವ ಪ್ರೊಫೈಲ್ ಕಡತ. ಡೆಬಿಯನ್ ಮತ್ತು ಉಬುಂಟುಗಳಲ್ಲಿ 'ಇಮ್-ಕಾನ್ಫಿಗ್' ಎಂಬ ಸಾಧನದಲ್ಲಿ ಐಬಸ್ಸನ್ನು ಆರಿಸಿದರೆ ಚರಗಳೂ ಪ್ರಾರಂಭವೂ ಒಟ್ಟಿಗೇ ಸಿದ್ಧವಾಗುತ್ತವೆ. ಆಗ ಪ್ರತ್ಯೇಕ ನಮೂದು ಬೇಡ.

ಬದಲಾವಣೆಯ ನಂತರ ಲಾಗೌಟ್ ಆಗಿ ಮರಳಿ ಪ್ರವೇಶಿಸಿ, ಭಿನ್ನ ಕುಟುಂಬಗಳ ಎರಡು ಅನ್ವಯಗಳಲ್ಲಾದರೂ ಪರೀಕ್ಷಿಸುವುದು ಒಳಿತು. ಈ ಪಟ್ಟಿಯಲ್ಲಿರುವ ಪ್ರತಿಯೊಂದು ಆಜ್ಞೆಯೂ ಬಳಕೆದಾರನ ಪೂರ್ಣ ಅಧಿಕಾರದಿಂದ ನಡೆಯುತ್ತದೆ. ಆದ್ದರಿಂದ ಅರ್ಥವಾಗದ ಆಜ್ಞೆಯನ್ನು ಅಲ್ಲಿ ಸೇರಿಸಕೂಡದು. ಖಾತೆ ಬದಲಾದಾಗ ಮರುಬಳಕೆಗೆ ಒದಗುವಂತೆ ಆ ಕಡತದ ಪ್ರತಿಯೊಂದನ್ನು ಸಂಶೋಧಕರು ತಮ್ಮ ಟಿಪ್ಪಣಿಗಳ ಜೊತೆಯಲ್ಲಿಯೇ ಕಾಪಿಟ್ಟುಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ.